ಆಪರೇಷನ್ ಆದ ಮೇಲೆ ಮತ್ತೆ ಬಂದಿದೆ, ಈಗ ರೇಡಿಯೇಷನ್ ಅಂತಿದ್ದಾರೆ

ದೊಡ್ಡಮಗಳು

ಅಪ್ಪನಿಗೆ 66. ಶ್ವಾಸಕೋಶದ ಕ್ಯಾನ್ಸರ್ ಅಂತ ಎರಡು ವರ್ಷದ ಹಿಂದೆ ಬಲಗಡೆ ಶ್ವಾಸಕೋಶದ ಮೇಲಿನ ಹಾಲೆ (ಭಾಗ) ತೆಗೆದಿದ್ದರು. ಅಂಚಿನಲ್ಲಿ ಏನೂ ಉಳಿದಿಲ್ಲ ಅಂತ ರಿಪೋರ್ಟ್ ಬಂದಾಗ ಮುಗೀತು ಅಂದುಕೊಂಡಿದ್ದೆವು. ಕಳೆದ ತಿಂಗಳ ಸ್ಕ್ಯಾನಿನಲ್ಲಿ ಎದೆಯ ನಡುವೆ, ಶ್ವಾಸನಾಳಕ್ಕೆ ಅಂಟಿಕೊಂಡ ಹಾಗೆ ಒಂದು ಗಂಟು. ಸೂಜಿಯಲ್ಲಿ ತೆಗೆದು ನೋಡಿದರೆ ಹಳೆಯದೇ. ಪೆಟ್ ಸ್ಕ್ಯಾನ್, ತಲೆಯ ಎಂಆರ್‌ಐ ಎರಡರಲ್ಲೂ ಬೇರೆಲ್ಲೂ ಕಾಣಲಿಲ್ಲ.

ಮತ್ತೆ ಆಪರೇಷನ್ ಬೇಡ, 30 ಸಲ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಕೀಮೋ ಅಂತಾರೆ ಡಾಕ್ಟರ್. ಅಪ್ಪನದು ಒಂದೇ ಮಾತು: "ಕೊಯ್ಯೋಕೆ ಆಗಲ್ಲ ಅಂದ ಮೇಲೆ ಕರೆಂಟ್ ಕೊಡೋದು ಸುಮ್ನೆ ಸಮಾಧಾನಕ್ಕೆ." ನಿಜವಾ? ಈ ದಾರಿಯಲ್ಲಿ ಹೋಗಿ ಬಂದವರು ಇದ್ದರೆ ಹೇಳಿ.

ಒಂದೂವರೆ ಶ್ವಾಸ

ಹೋಗಿ ಬಂದವನು ನಾನೇ. ಎಡಗಡೆ ಕೆಳಗಿನ ಹಾಲೆ ತೆಗೆದು 14 ತಿಂಗಳಿಗೆ ಹೊಲಿಗೆ ಹಾಕಿದ ಜಾಗದಲ್ಲೇ ಮತ್ತೆ ಚಿಗುರಿತು. ನಾನೂ ನಿಮ್ಮ ಅಪ್ಪನ ಹಾಗೇ ಅಂದಿದ್ದೆ, ಇನ್ನೂ ಒರಟಾಗಿ.

ಡಾಕ್ಟರ್ ಮುಂದೆ ನೇರವಾಗಿ ಕೇಳಿ: ಇದು ಗುಣ ಮಾಡೋಕಾ, ತೊಂದರೆ ಕಡಿಮೆ ಮಾಡೋಕಾ? ಎರಡಕ್ಕೂ ರೇಡಿಯೇಷನ್ ಕೊಡುತ್ತಾರೆ, ಲೆಕ್ಕ ಬೇರೆ. ನೋವಿಗೋ, ಕೆಮ್ಮಿನಲ್ಲಿ ರಕ್ತ ಬರುವುದಕ್ಕೋ ಕೊಡುವುದು ಸಾಮಾನ್ಯವಾಗಿ ಹತ್ತು ಸಲದೊಳಗೆ ಮುಗಿಯುತ್ತದೆ. ನನಗೆ ಕೊಟ್ಟಿದ್ದು ದಿನಕ್ಕೆ 2 ಗ್ರೇ (ಕಿರಣದ ಡೋಸಿನ ಅಳತೆ), 30 ದಿನ, ಒಟ್ಟು 60 ಗ್ರೇ. ವಾರಕ್ಕೆ ಐದು ದಿನದ ಹಾಗೆ ಆರು ವಾರ. ಬರೀ ಸಮಾಧಾನಕ್ಕೆ ಯಾರೂ ಇಷ್ಟು ಓಡಾಡಿಸಲ್ಲ, ಅದರ ಮೇಲೆ ಕೀಮೋ ಬೇರೆ. ಒಂದೇ ಕಡೆ ಇರುವುದನ್ನು ಅಲ್ಲೇ ಮುಗಿಸಲು ನೋಡುತ್ತಿದ್ದಾರೆ. ಗ್ಯಾರಂಟಿ ಅಂತ ಹೇಳುತ್ತಿಲ್ಲ.

ನನಗೆ ಯಾರೂ ಮೊದಲೇ ಹೇಳದೆ ಇದ್ದದ್ದು ತೋಳಿನ ವಿಷಯ. ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ, ಗಟ್ಟಿ ಮೇಜಿನ ಮೇಲೆ ಅಲ್ಲಾಡದೆ ಮಲಗಬೇಕು. ಕಿರಣ ಪಕ್ಕದಿಂದಲೂ ಬರುತ್ತದಲ್ಲ, ಕೈ ಅಡ್ಡ ಇರಬಾರದು. ಆಪರೇಷನ್ ಆದ ಕಡೆಯ ನನ್ನ ತೋಳು ಕಿವಿ ದಾಟುತ್ತಿರಲಿಲ್ಲ. ಪ್ಲಾನಿಂಗ್ ಸ್ಕ್ಯಾನ್ ದಿನ ಹತ್ತು ನಿಮಿಷಕ್ಕೆ ನಡುಗತೊಡಗಿತು, ಎಬ್ಬಿಸಿ ವಾಪಸ್ ಕಳಿಸಿದರು. ಒಂದು ವಾರ ಗೋಡೆ ಮುಂದೆ ನಿಂತು ಬೆರಳಲ್ಲೇ ಕೈ ಮೇಲಕ್ಕೆ ಹತ್ತಿಸುವುದು, ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆಯುವುದು. ಆ ಗೆರೆಗಳು ಇನ್ನೂ ಇವೆ, ಸುಣ್ಣ ಹೊಡೆಸಲು ಬಿಟ್ಟಿಲ್ಲ. ನಿಮ್ಮ ಅಪ್ಪನ ಕೈ ಇವತ್ತೇ ಎತ್ತಿಸಿ ನೋಡಿ.

ಉಸಿರಾಡುವಾಗ ಗಂಟು ಎಷ್ಟು ಸರಿಯುತ್ತದೆ ಅಂತಲೂ ಆ ಸ್ಕ್ಯಾನಿನಲ್ಲಿ ನೋಡುತ್ತಾರೆ. ಗುರುತಿಗೆ ಎದೆಯ ಮೇಲೆ ಸಾಸಿವೆಗಿಂತ ಚಿಕ್ಕ ಮೂರು ಚುಕ್ಕೆ ಹಚ್ಚೆ ಹಾಕಿದರು. (ಜೀವನದ ಮೊದಲ ಹಚ್ಚೆ, ತೋರಿಸಿಕೊಳ್ಳುವ ಹಾಗೂ ಇಲ್ಲ.) ಕರೆಂಟ್ ಅನ್ನೋದು ಹೆಸರಿಗಷ್ಟೇ, ಮೈಗೆ ಏನೂ ಗೊತ್ತಾಗಲ್ಲ. ಮಷೀನ್ ಗುಂಯ್ ಅಂತ ಸುತ್ತುತ್ತದೆ, ಎದ್ದು ಬರುತ್ತೀರಿ. ಮೈಯಲ್ಲಿ ಕಿರಣ ಉಳಿಯಲ್ಲ, ಮಕ್ಕಳನ್ನು ಎತ್ತಿಕೊಳ್ಳಬಹುದು.

ಕಾಡಿದ್ದು ಅನ್ನನಾಳ. ಮೂರನೇ ವಾರದಿಂದ ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿ ಉರಿಯುತ್ತಿತ್ತು, ಐದನೇ ವಾರ ನೀರಿಗೂ ಹೆದರಿಕೆ. ಗಟ್ಟಿಗ ಅನ್ನಿಸಿಕೊಳ್ಳಲು ಬಾಯಿ ಬಿಡದೆ 4 ಕೆಜಿ ಇಳಿದೆ. ಊಟಕ್ಕೆ ಮುಂಚೆ ಕುಡಿಯಲು, ಗಂಟಲು ಮರಗಟ್ಟಿಸುವ ಔಷಧ ಇದೆಯಂತೆ. ಕೇಳಿದ ಮೇಲೆ ಕೊಟ್ಟರು.

ಸಂಜೆ ನಡಿಗೆ

ನಮ್ಮ ಮನೆಯವರಿಗೆ ಐದೇ ಸಲದಲ್ಲಿ ಮುಗಿಯಿತು. 30 ಯಾಕೆ ಅಂತ ಇನ್ನೊಮ್ಮೆ ಕೇಳಿ.

ಒಂದೂವರೆ ಶ್ವಾಸ

ಅದು ಎಸ್‌ಬಿಆರ್‌ಟಿ ಅನ್ನುವ ಬಗೆಯ ರೇಡಿಯೇಷನ್ ಇರಬೇಕು. ಶ್ವಾಸಕೋಶದೊಳಗೆ ಚಿಕ್ಕ ಒಂಟಿ ಗಂಟಾದರೆ ಪ್ರತಿ ಸಲ ದೊಡ್ಡ ಡೋಸ್ ಕೊಟ್ಟು ಬೇಗ ಮುಗಿಸುತ್ತಾರೆ. ಇವರದು ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳ ಸಂದಿಯಲ್ಲಿದೆ. ಅಲ್ಲಿ ಒಂದೇ ಏಟಿಗೆ ಅಷ್ಟು ಕೊಟ್ಟರೆ ಪಕ್ಕದ್ದೂ ಹೋಗುತ್ತದೆ. ದಿನಾ ಸ್ವಲ್ಪ ಕೊಟ್ಟರೆ ಒಳ್ಳೆಯ ಜೀವಕೋಶಗಳಿಗೆ ನಡುವೆ ರಿಪೇರಿಗೆ ಸಮಯ ಸಿಗುತ್ತದೆ.

ಸಂಜೆ ನಡಿಗೆ

ಹೌದು, ಇವರದು ಹೊರ ಅಂಚಿನಲ್ಲಿ 2 ಸೆಂಮೀ ಇತ್ತು. ಹೋಲಿಸಬಾರದಿತ್ತು.

ದೊಡ್ಡಮಗಳು

ಅಪ್ಪನಿಗೆ ಓದಿ ಹೇಳಿದೆ. ಬಲಗೈ ಹಣೆಯವರೆಗೆ ಬಂತು, ಅಲ್ಲಿಗೆ ನಿಂತಿತು. "ಪೆನ್ಸಿಲ್ ಎಲ್ಲಿದೆ" ಅಂದರು! ಎಲ್ಲಾ ಮುಗಿದ ಮೇಲೆ ಏನು ಗಮನಿಸಬೇಕು?

ಒಂದೂವರೆ ಶ್ವಾಸ

ಕೆಮ್ಮು. ನನಗೆ ಮುಗಿದು ಎರಡೂವರೆ ತಿಂಗಳಿಗೆ ಒಣಕೆಮ್ಮು, ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಶೀತ ಅಂತ ಹತ್ತು ದಿನ ಹಾಳು ಮಾಡಿದೆ. ರೇಡಿಯೇಷನ್‌ನಿಂದ ಶ್ವಾಸಕೋಶ ಊದಿಕೊಂಡಿತ್ತು, ನ್ಯೂಮೋನೈಟಿಸ್ ಅಂತಾರೆ. ಜಾಸ್ತಿ ಬರುವುದು ಒಂದರಿಂದ ಆರು ತಿಂಗಳೊಳಗೆ. ಸ್ಟೀರಾಯ್ಡ್ ಕೊಟ್ಟು, ಅದರ ಡೋಸ್ ವಾರಗಟ್ಟಲೆ ನಿಧಾನವಾಗಿ ಇಳಿಸಿದರು. ನಡುವೆ ನೀವೇ ನಿಲ್ಲಿಸಬೇಡಿ. ಯಾವ ಡಾಕ್ಟರ್ ಹತ್ತಿರ ಹೋದರೂ ರೇಡಿಯೇಷನ್ ಆಗಿದೆ ಅಂತ ಮೊದಲು ಹೇಳಿ.

ಆಮೇಲಿನ ಸ್ಕ್ಯಾನಿನಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಮೂರನೇ ಸಲ ಬಂತು ಅಂತ ನಾನು ರಾತ್ರಿಯೆಲ್ಲಾ ಕೂತಿದ್ದೆ. ಗಾಯದ ಕಲೆ ಅಷ್ಟೇ.

ಇನ್ನೆರಡು ಕೇಳಿ. ಸೂಜಿಯಲ್ಲಿ ತೆಗೆದ ಚೂರಿಗೆ ಇಜಿಎಫ್‌ಆರ್ ಮೊದಲಾದ ಜೀನ್ ಪರೀಕ್ಷೆ ಆಗಿದೆಯಾ? ಡುರ್ವಾಲುಮಾಬ್ ಅನ್ನುವ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ) ಇವರಿಗೆ ಹೊಂದುತ್ತದಾ? ಆಪರೇಷನ್ ಆಗದ ಮೂರನೇ ಹಂತದವರಿಗೆ ಕೀಮೋ, ರೇಡಿಯೇಷನ್ ಮುಗಿದ ಮೇಲೆ ಅದನ್ನು ಒಂದು ವರ್ಷದವರೆಗೆ ಕೊಡುತ್ತಾರೆ.

ನಾಳೆ ಗೆರೆ ಎಲ್ಲಿಗೆ ಬಂತು ಅಂತ ಬರೆಯಿರಿ.