ಸತ್ಯನಾರಾಯಣ ಪೂಜೆ ಸಿಂಕ್ ಆದ ಕಥೆ

“ಕಟೀಲು ಮೇಳದ ಹರಕೆಯ ಯಕ್ಷಗಾನ ಆಟಕ್ಕೆ ಇವತ್ತು ಹೆಸರು ಕೊಟ್ಟರೆ ವರ್ಷಗಟ್ಟಲೆ ಕಾಯಬೇಕು. ಅಪ್ಪ ಹೇಳಿಕೊಂಡ ಹರಕೆಯ ಆಟ ಮಗನ ಕಾಲಕ್ಕೆ ಆಗುವುದೂ ಉಂಟು. ಅಷ್ಟು ಮೇಳ, ಅಷ್ಟು ಊರು, ಅಷ್ಟು ತಾರೀಕು. ಒಂದೇ ಮೇಳ ಒಂದೇ ರಾತ್ರಿ ಎರಡು ಕಡೆ ಚೌಕಿ ಹಾಕಿದ್ದು ಯಾರಾದರೂ ಕೇಳಿದ್ದೀರಾ? ಇಲ್ಲ. ನಮ್ಮ ಮನೆಯಲ್ಲಿ ಇರುವುದು ಇಬ್ಬರು. ನಮಗೆ ಫೋನಿನ ಕ್ಯಾಲೆಂಡರ್ ಸಿಂಕ್ ಬೇಕಂತೆ, ಸಿಂಕ್!”

ಶೆಣೈ ಮಾಮ್ ಇದನ್ನು ಹೇಳಿದ್ದು ಪ್ರಸಾದನಿಗೆ, ನೋಡಿದ್ದು ಗೋಳಿಬಜೆಯನ್ನು.

ಪ್ರಸಾದ ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿನಿಂದ ಮಂಗಳೂರಿನ ಮಣ್ಣಗುಡ್ಡಕ್ಕೆ ಬಂದು ಕೂತಾಗಿನಿಂದ ನಮ್ಮ ಭಾನುವಾರದ ಹರಟೆಗೆ ‘ವೀಕ್ಲಿ ಮೀಟಿಂಗ್’ ಅಂತ ಹೆಸರಾಗಿದೆ. ಬೀದಿಯ ಅರ್ಧ ಜನರ ಫೋನಿಗೆ ಅವನು ಫ್ಯಾಮಿಲಿ ಕ್ಯಾಲೆಂಡರ್ ಹಾಕಿಕೊಟ್ಟಾಗಿದೆ. ಶೆಣೈ ಮಾಮ್‌ನ ಫೋನಿನಲ್ಲಿ ಹಾಲಿನವನೂ ಹಸಿರು ಬಣ್ಣದಲ್ಲಿ ಬರುತ್ತಾನೆ.

“ಅಲ್ಲ ಮಾಮ್, ಎಲ್ಲರ ಫೋನು, ಎಲ್ಲರ ಲ್ಯಾಪ್‌ಟಾಪು ಒಂದೇ ಕ್ಯಾಲೆಂಡರಿಗೆ ಸೇರಿಸಿದರೆ ಯಾರಿಗೆ ಯಾವಾಗ ಎಂತ ಉಂಟು ಅಂತ ಎಲ್ಲರಿಗೂ ಗೊತ್ತಾಗ್ತದೆ. ಒಬ್ಬರು ತಿದ್ದಿದರೆ ಸಾಕು.”

“ಒಬ್ಬರು ತಿದ್ದಿದರೆ ಎಲ್ಲರದ್ದೂ ಹೋಗ್ತದೆ ಅಂತ ಹೇಳು.”

ಶೆಟ್ರು ಚಹಾದ ಗ್ಲಾಸು ಕೆಳಗಿಟ್ಟರು. “ನನ್ನ ಮಂಡೆಬಿಸಿ ಬೇರೆ. ಕಂಬಳದ ತಾರೀಕು ಹಾಕಿದೆ. ಶುರು ಎಷ್ಟು ಹೊತ್ತಿಗೆ ಅಂತ ಕೇಳಿತು, ಹಾಕಿದೆ. ಮುಗಿಯುವುದು ಎಷ್ಟು ಹೊತ್ತಿಗೆ ಅಂತ ಕೇಳಿತು. ಕಂಬಳ ಮುಗಿಯುವ ಹೊತ್ತು ಕೋಣಕ್ಕೂ ಗೊತ್ತಿಲ್ಲ ಮಾರಾಯ! ನಾನು ಖಾಲಿ ಬಿಟ್ಟೆ. ಅದೇ ಒಂದು ಗಂಟೆ ಅಂತ ಹಾಕಿಕೊಂಡಿತು.”

“ಅದು ಡಿಫಾಲ್ಟ್ ಶೆಟ್ರೇ. ಬದಲಾಯಿಸಬಹುದು.”

“ಬದಲಾಯಿಸುವ ಮುಂಚೆ ಇವಳ ಫೋನಿಗೆ ಹೋಗಿಯಾಗಿತ್ತಲ್ಲ. ಶನಿವಾರ ಶುರುವಾದದ್ದು, ಭಾನುವಾರ ಹೊತ್ತು ಇಳಿದರೂ ಹಗ್ಗ ಕಿರಿಯ ಓಟದ ಫೈನಲ್ ಬಾಕಿ ಇರ್ತದೆ. ಇವಳು ಶನಿವಾರ ಹನ್ನೊಂದಕ್ಕೇ ಫೋನ್ ಮಾಡಿದಳು. ಕಂಬಳ ಮುಗಿಯಿತಲ್ಲ, ಬರುವಾಗ ಬಂಗುಡೆ ತನ್ನಿ ಅಂತ.”

“ಒಂದು ಗಂಟೆಯಲ್ಲಿ ಮುಗಿಯುವುದು ಕಂಬಳ ಅಲ್ಲ, ಕೋಣದ ಸ್ನಾನ” ಎಂದರು ಶೆಣೈ ಮಾಮ್. “ಅದು ಬಿಡಿ. ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ಕಥೆ ಗೊತ್ತುಂಟಲ್ಲ?”

ನಮಗೆಲ್ಲ ಗೊತ್ತಿತ್ತು. ಗೊತ್ತುಂಟು ಅಂದ ಮಾತ್ರಕ್ಕೆ ಮಾಮ್ ನಿಲ್ಲಿಸುವವರಲ್ಲ. ಹಾಗಾಗಿ ಯಾರೂ ಹೇಳಲಿಲ್ಲ.

“ಇದ್ದದ್ದು ಒಂದು ಪೂಜೆ. ಫೋನಿನಲ್ಲಿ ಮೂರು! ದುಬೈಯಿಂದ ಮಗ ಒಂದು ಹಾಕಿದ. ಅದು ಗೊತ್ತಿಲ್ಲದೆ ಬೆಂಗಳೂರಿನಿಂದ ಮಗಳು ಒಂದು ಹಾಕಿದಳು. ಇಬ್ಬರದ್ದೂ ಕಾಣುವುದಿಲ್ಲ ಅಂತ ಈ ಪ್ರಸಾದ ನನ್ನ ಲ್ಯಾಪ್‌ಟಾಪಿಗೆ ಒಂದು ಫೈಲ್ ತಂದು ಸೇರಿಸಿದ. ಮೂರೂ ಬಂದು ನನ್ನ ಫೋನಿನಲ್ಲಿ ಕೂತವು. ಬೆಲ್ ಮೂರು ಸಲ. ಭಟ್ರಿಗೂ ಕಳಿಸಿದ್ದಾನೆ ಮಹರಾಯ. ಭಟ್ರು ಫೋನ್ ಮಾಡಿ, ‘ಮೂರು ಪೂಜೆ ಅಂತಾದರೆ ಇನ್ನಿಬ್ಬರು ಭಟ್ರನ್ನು ಕರ್ಕೊಂಡು ಬರಬೇಕಾಗ್ತದೆ, ದಕ್ಷಿಣೆಯೂ ಹಾಗೇ ನೋಡಿಕೊಳ್ಳಿ’ ಅಂದ್ರು.”

“ಪ್ರತಿ ಕಾರ್ಯಕ್ರಮದ ಒಳಗೂ ಯುಐಡಿ ಅಂತ ಒಂದು ಗುರುತು ಇರ್ತದೆ ಮಾಮ್” ಎಂದ ಪ್ರಸಾದ. “ಯುಐಡಿ ಒಂದೇ ಆದರೆ, ಇದು ಅದೇ ಪೂಜೆ ಅಂತ ಫೋನಿಗೆ ಗೊತ್ತಾಗ್ತದೆ. ಮೂರು ಜನ ಮೂರು ಕಡೆ ಟೈಪ್ ಮಾಡಿದರೆ ಯುಐಡಿಯೂ ಮೂರಾಗ್ತದೆ.”

“ಅಂದರೆ ನನಗೆ ಆಧಾರ್ ಒಂದು, ನನ್ನ ಪೂಜೆಗೆ ಮೂರು!”

“ನೀವು ತಮಾಷೆ ಮಾಡ್ತೀರಿ. 1998ರಲ್ಲೇ ಐಕ್ಯಾಲೆಂಡರ್ ಅಂತ ಎಲ್ಲರೂ ಒಪ್ಪುವ ಒಂದು ನಮೂನೆ ಬಂದಿದೆ. 2009ರಲ್ಲಿ ಅದನ್ನು ತಿದ್ದಿಯೂ ಆಗಿದೆ. ಫೈಲಿನ ಹೆಸರಿನ ಕೊನೆಗೆ ಐಸಿಎಸ್ ಅಂತ ಇರ್ತದಲ್ಲ, ಅದೇ. ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್ ಮೂವರೂ ಅದನ್ನು ಓದ್ತಾರೆ. ಆ ಕಡೆ ಈ ಕಡೆ ಬದಲಾವಣೆ ಹೋಗಿ ಬರಲಿಕ್ಕೆ 2007ರಲ್ಲಿ ಕ್ಯಾಲ್‌ಡ್ಯಾವ್ ಅಂತಲೂ ಬಂತು.”

“ಮೂವರೂ ಓದ್ತಾರೆ, ಇಲ್ಲ ಅಂದವರು ಯಾರು? ಒಬ್ಬ ಓದಿದ್ದನ್ನು ಇನ್ನೊಬ್ಬನಿಗೆ ಹೇಳುವುದಿಲ್ಲ, ಅಷ್ಟೇ.”

“ಹಾಗಲ್ಲ. ಫೈಲ್ ತಂದು ಸೇರಿಸಿದರೆ ಅದು ಜೆರಾಕ್ಸ್ ತೆಗೆದ ಹಾಗೆ. ಆಮೇಲೆ ಮೂಲದಲ್ಲಿ ತಿದ್ದಿದರೂ ಜೆರಾಕ್ಸ್ ಬದಲಾಗುವುದಿಲ್ಲ. ಅದರ ಬದಲು ಲಿಂಕ್ ಕೊಟ್ಟು ಸಬ್‌ಸ್ಕ್ರೈಬ್ ಮಾಡಬೇಕು. ಆಗ ಫೋನು ಮೂಲವನ್ನೇ ಹೋಗಿ ನೋಡಿ ಬರ್ತದೆ. ತಕ್ಷಣ ಅಲ್ಲ. ಕೆಲವು ಕಡೆ ಗಂಟೆಗಟ್ಟಲೆ ಆಗ್ತದೆ, ಒಂದು ದಿನವೂ ಆಗಬಹುದು.”

“ಒಂದು ದಿನ! ಅಷ್ಟು ಹೊತ್ತಿನಲ್ಲಿ ನಾನೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಮಗಳ ಮನೆಯ ಬಾಗಿಲು ತಟ್ಟಿ, ಪೂಜೆ ಹತ್ತೂವರೆಗೆ ಅಂತ ಹೇಳಿ, ತಿಂಡಿ ತಿಂದು ವಾಪಸ್ ಬರಬಹುದು. ಶಿರಾಡಿ ಘಾಟಿ ಬಂದ್ ಇಲ್ಲದಿದ್ದರೆ.”

ಮಾಮ್ ಇನ್ನೊಂದು ಗೋಳಿಬಜೆ ತೆಗೆದುಕೊಂಡರು. “ನಾನು ಬ್ಯಾಂಕಿನವನು. ಲೆಕ್ಕ ತಾಳೆ ಮಾಡುವುದು ನನಗೆ ಕಲಿಸಬೇಡ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳನ್ನೇ ಮರ್ಜ್ ಮಾಡಿ ಮುಗಿಸಿದರು. ನನ್ನ ಮನೆಯ ಮೂರು ಕ್ಯಾಲೆಂಡರ್ ಮರ್ಜ್ ಆಗುವುದಿಲ್ಲ!”

ಬ್ಯಾಂಕುಗಳ ಹೆಸರು ಬಂದಾಗ ಮಾಮ್‌ನ ದನಿ ಸ್ವಲ್ಪ ಇಳಿಯುವುದುಂಟು. ಹಮೀದಾಕ ಚಟ್ನಿಯ ಬಟ್ಟಲನ್ನು ಅವರ ಕಡೆ ದೂಡಿದರು.

“ಮತ್ತೆ ಎಂತ ಮಾಡಿದಿರಿ ಮಾಮ್?” ಡಿಸೋಜರು ಕೇಳಿದರು. ಅವರಿಗೂ ಗೊತ್ತಿತ್ತು. ಆದರೆ ಕಥೆಯ ಒಳ್ಳೆಯ ಭಾಗ ಮುಂದಿತ್ತು.

“ಎಂತ ಮಾಡುವುದು? ಮೂರರಲ್ಲಿ ಎರಡು ಅಳಿಸಿದೆ. ನನ್ನ ಫೋನಿನಿಂದ ಅಳಿಸಿದ್ದು, ಮಂದಿಯ ಫೋನಿಗೆ ನಾನು ಕೈ ಹಾಕಿದ್ದೇನಾ? ಅಳಿಸುವಾಗ ಅದು ಮರ್ಯಾದೆಯಲ್ಲಿ ಕೇಳಿತು, ಅತಿಥಿಗಳಿಗೆ ತಿಳಿಸಬೇಕಾ ಅಂತ. ತಿಳಿಸುವುದು ಕ್ರಮ ಅಲ್ವಾ? ಹೌದು ಅಂತ ಒತ್ತಿದೆ.”

“ಅದು ಮಗ ಎಲ್ಲರನ್ನೂ ಕರೆದಿದ್ದ ಮೂಲ ಪೂಜೆ” ಎಂದ ಪ್ರಸಾದ, ಸಣ್ಣ ದನಿಯಲ್ಲಿ. “ಕ್ಯಾಲೆಂಡರ್ ಎಲ್ಲರದ್ದೂ ಒಂದೇ ಆದ ಕಾರಣ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಹೋಯಿತು.”

“ಇಡೀ ಕುಟುಂಬಕ್ಕೆ ಮೇಲ್ ಹೋಯಿತು. ಸತ್ಯನಾರಾಯಣ ಪೂಜೆ ರದ್ದಾಗಿದೆ. ನೀವೇ ಹೇಳಿ, ನಮ್ಮ ಊರಿನಲ್ಲಿ ಪೂಜೆ ರದ್ದಾಗುವುದು ಯಾವಾಗ?”

“ಸೂತಕ ಬಂದರೆ” ಎಂದರು ಶೆಟ್ರು.

“ಸೂತಕ ಬಂದರೆ! ಅರ್ಧ ಗಂಟೆಯಲ್ಲಿ ಫೋನು ಶುರು. ‘ಯಾರು ಹೋದದ್ದು?’ ನಾನೇ ಫೋನ್ ಎತ್ತಿದರೆ ಆ ಕಡೆಯವರಿಗೆ ಗಾಬರಿ. ಕುಂದಾಪುರದ ಒಬ್ಬ ಭಾವ ನನ್ನ ದನಿ ಕೇಳಿ, ‘ಓ, ಹಾಗಾದರೆ ನೀವಲ್ಲ’ ಅಂದ. ಅವನಿಗೆ ಸ್ವಲ್ಪ ಬೇಜಾರೂ ಆದ ಹಾಗಿತ್ತು.”

“ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರ್ತದೆ ಮಾಮ್. ಕಂಪ್ಯೂಟರಿನಲ್ಲಿ ತೆರೆದು ವಾಪಸ್ ತರಬಹುದಿತ್ತು.”

“ಕೇಳಿದಿರಾ? ಸತ್ಯನಾರಾಯಣನನ್ನು ಕಸದ ಬುಟ್ಟಿಯಲ್ಲಿ ಹುಡುಕಬೇಕಂತೆ! ತರುವುದು ಬೇಕಾಗಲಿಲ್ಲ ಬಿಡು. ಪ್ರತಿ ವರ್ಷ ಪೂಜೆಗೆ ಕರೆದರೆ ಪ್ರಸಾದ ತಂದುಕೊಡಿ ಅನ್ನುವವರೆಲ್ಲ ಅವತ್ತು ಸಾವಿಗೆ ಅಂತ ಬಂದರು. ಮನೆ ತುಂಬ ಜನ. ಭಟ್ರು ಮಾತ್ರ ಬರಲಿಲ್ಲ. ರದ್ದಾಯಿತು ಅಂತ ಬೇರೆ ಕಡೆ ಗಣಹೋಮ ಒಪ್ಪಿಕೊಂಡಿದ್ದರು.”

ಅವತ್ತಿನ ಊಟಕ್ಕೆ ನಾನೂ ಇದ್ದೆ. ಅಷ್ಟು ಖುಷಿಯ ಸೂತಕದ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಮೀದಾಕನಿಗೆ ತನ್ನದೂ ಒಂದು ಹೇಳಬೇಕಿತ್ತು. “ಫೋನಿನಲ್ಲಿ ರಜೆಯ ಕ್ಯಾಲೆಂಡರ್ ಅಂತ ಉಂಟಲ್ಲ, ಅದನ್ನು ಇವನು ನನಗೆ ಆನ್ ಮಾಡಿ ಕೊಟ್ಟಿದ್ದಾನೆ. ಪೆರ್ನಾಲ್, ಅಂದರೆ ಈದ್, ಯಾವತ್ತು ಅಂತ ಅದರಲ್ಲಿ ಈಗಲೇ ಉಂಟು! ಇಲ್ಲಿ ಕಲ್ಲಿಕೋಟೆ ಕಡೆ ಚಂದ್ರ ಕಂಡಿತು ಅಂತ ಖಾಝಿಯವರು ಹೇಳಿದರೆ ನಮಗೆ ಹಬ್ಬ. ಬೆಂಗಳೂರಿನವರಿಗೆ ಕೆಲವು ವರ್ಷ ಮರುದಿನ. ಆದರೆ ಒಂದು ಒಳ್ಳೆಯದು, ಪಕ್ಕದಲ್ಲಿ ‘ತಾತ್ಕಾಲಿಕ’ ಅಂತ ಬರೆದಿದ್ದಾರೆ.”

“ಇಡೀ ಫೋನಿನಲ್ಲಿ ಅದೊಂದೇ ಸತ್ಯ” ಎಂದರು ಮಾಮ್. “ಉಡುಪಿಯ ಅಷ್ಟಮಿಗೆ ಅಷ್ಟೂ ಬರೆದಿಲ್ಲ. ಅಲ್ಲಿ ಮಠದಲ್ಲಿ ಸೌರಮಾನ. ಕೆಲವು ವರ್ಷ ಉಳಿದವರದ್ದು ಆಗಸ್ಟಿನಲ್ಲಿ ಮುಗಿದಿರ್ತದೆ, ಉಡುಪಿಯಲ್ಲಿ ವಿಟ್ಲಪಿಂಡಿ ಸೆಪ್ಟೆಂಬರಿಗೆ. ನನ್ನ ಅಕ್ಕ ರಥಬೀದಿಯ ಹತ್ತಿರ ಇರುವವಳು. ಮೊಮ್ಮಗಳ ಫೋನು ನೋಡಿ ಒಂದು ಉಪವಾಸ, ಮಠದ ಲೆಕ್ಕಕ್ಕೆ ಇನ್ನೊಂದು. ಕೃಷ್ಣ ಒಬ್ಬನೇ, ಹುಟ್ಟಿದ್ದು ಎರಡು ಸಲ. ಪುಣ್ಯಕ್ಕೆ ಮೂರು ಸಲ ಆಗಲಿಲ್ಲ.”

“ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ ಸರಿ ಬರ್ತದಲ್ಲ ಮಾಮ್?” ನಾನು ಪ್ರಸಾದನ ಪರವಾಗಿ ಒಂದು ಮಾತು ಹಾಕಿದೆ. “ಎರಡು ವರ್ಷಕ್ಕೊಮ್ಮೆ, ಜನವರಿ 18. ಒಂದು ಸಲ ಹಾಕಿದರೆ ಮುಗಿಯಿತು.”

“ಎಂಟು ಮಠ, ಒಂದು ಮಠಕ್ಕೆ ಸರದಿ ಮತ್ತೆ ಬರುವುದು 16 ವರ್ಷಕ್ಕೆ. ಅಷ್ಟು ವರ್ಷ ಬಾಳುವ ಫೋನು ಯಾವುದುಂಟು, ನೀನೇ ಹೇಳು.”

ಡಿಸೋಜರು ಎದೆ ಉಬ್ಬಿಸಿದರು. “ನಮ್ಮ ಮೊಂತಿ ಫೆಸ್ತ್ ನೋಡಿ, ಮೇರಿಯಮ್ಮನ ಹುಟ್ಟುಹಬ್ಬ. ಸೆಪ್ಟೆಂಬರ್ 8 ಅಂದರೆ 8. ಚಂದ್ರನೂ ಬೇಡ, ಪಂಚಾಂಗವೂ ಬೇಡ.” ಆಮೇಲೆ ಸ್ವಲ್ಪ ತಡೆದರು. “ಹೋದ ವರ್ಷ ಮಾತ್ರ ಹೆಚ್ಚುಕಮ್ಮಿ ಆಯಿತು. ದುಬೈಯಲ್ಲಿ ಮಗಳಿಗೆ ರಜೆ ಸಿಗಲಿಲ್ಲ. ಅವಳು ಫೋನಿನಲ್ಲಿ ಹಬ್ಬವನ್ನು ಬೆರಳಿನಿಂದ ಎಳೆದು ವಾರದ ಕೊನೆಗೆ ಇಟ್ಟಳು. ‘ಇದೊಂದೇ ಸಲಕ್ಕಾ, ಎಲ್ಲ ವರ್ಷಕ್ಕಾ?’ ಅಂತ ಕೇಳಿತಂತೆ. ಎಲ್ಲ ಅಂತ ಒತ್ತಿಬಿಟ್ಟಳು.”

“ಬಿಷಪರನ್ನೂ ಕೇಳದೆ?” ಎಂದರು ಶೆಣೈ ಮಾಮ್.

“ಕೊನೆಗೆ ಅವಳಿಗೆ ಹೊಸ ಅಕ್ಕಿಯ ಊಟವೂ ಇಲ್ಲ, ಹೂವೂ ಇಲ್ಲ. ವಿಡಿಯೋ ಕಾಲಿನಲ್ಲಿ ನಮ್ಮ ಎಲೆ ನೋಡಿದಳು. ಎಷ್ಟು ಬಗೆ ತರಕಾರಿ ಅಂತ ಎಣಿಸಿದಳು, ಪಾಪ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬರಾದರೂ ಹೊರಗೆ ಇದ್ದಾರೆ. ಈ ಕ್ಯಾಲೆಂಡರಿನ ಹುಚ್ಚು ಊರಿಗೆ ಬಂದದ್ದೂ ಅದೇ ದಾರಿಯಲ್ಲಿ ಅಂತ ನನ್ನ ಅಂದಾಜು. ಬಾಗಿಲು ಎದುರು ಬದುರು ಇರುವವರು ತಾರೀಕು ಸಿಂಕ್ ಮಾಡಿಕೊಳ್ಳುವುದಿಲ್ಲ.

“ನನ್ನ ಮಗ ಶುಗರ್ ಮಾತ್ರೆಯನ್ನೂ ಅದರಲ್ಲಿ ಹಾಕಿದ್ದ” ಎಂದರು ಶೆಣೈ ಮಾಮ್. “ಬೆಳಿಗ್ಗೆ ಎಂಟು ಗಂಟೆ, ತಿಂಡಿಗೆ ಮುಂಚೆ. ಅವನು ಹಾಕಿದ್ದು ಅಲ್ಲಿಯ ಎಂಟು. ಇಲ್ಲಿ ಬೆಲ್ ಆಗುವಾಗ ಒಂಬತ್ತೂವರೆ. ನಾನು ಮೂರು ಬನ್ಸ್ ತಿಂದು ಪೇಪರ್ ಓದಿ ಮುಗಿಸಿರ್ತೇನೆ.”

“ಟೈಮ್ ಝೋನ್ ಭಾರತದ್ದು ಅಂತ ಆರಿಸಬೇಕಿತ್ತು.”

“ಆರಿಸಬೇಕಿತ್ತು” ಎಂದು ಮಾಮ್ ಫೋನು ತೆಗೆದರು. “ಇದೊಂದು ನೋಡು ಪ್ರಸಾದ. ಅವನು ತನ್ನ ಆಫೀಸಿನ ಕ್ಯಾಲೆಂಡರನ್ನೂ ನನಗೆ ಶೇರ್ ಮಾಡಿದ್ದಾನೆ. ಇಡೀ ವಾರ ಬೂದು ಬಣ್ಣದ ಚೌಕ. ಒಳಗೆ ಎಂತ ಅಂತ ಇಲ್ಲ. ಬ್ಯುಸಿ, ಬ್ಯುಸಿ, ಬ್ಯುಸಿ.”

“ಅದು ಹಾಗೇ ಮಾಮ್. ಬಿಡುವು ಉಂಟಾ ಇಲ್ಲವಾ ಅಂತ ಮಾತ್ರ ಕಾಣುವ ಹಾಗೆ ಕೊಡ್ತಾರೆ. ವಿವರ ಹೊರಗಿನವರಿಗೆ ಕಾಣುವುದಿಲ್ಲ.”

“ಹೊರಗಿನವರಿಗೆ. ಸರಿ.” ಮಾಮ್ ಪರದೆಯನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿದರು. “ಇವನ ಶಾಲೆಯ ಡೈರಿಗೆ ದಿನಾ ನನ್ನ ಸಹಿ ಬೇಕಿತ್ತು. ಈಗ ನಾನು ಎರಡು ಚೌಕದ ನಡುವೆ ಖಾಲಿ ಜಾಗ ಹುಡುಕಿ ಫೋನ್ ಮಾಡುವುದು. ಖಾಲಿ ಉಂಟಲ್ಲ ಅಂತ ಮಾಡಿದರೆ ಊಟ ಮಾಡ್ತಾ ಇರ್ತಾನೆ. ಬಾಯಲ್ಲಿ ಅನ್ನ ಇಟ್ಟುಕೊಂಡು ‘ಹ್ಞೂಂ ಅಪ್ಪ’ ಅಂತಾನೆ.”

ಪ್ರಸಾದ ಫೋನು ಕೈಗೆ ತೆಗೆದುಕೊಂಡು ಏನೋ ಒತ್ತಿದ. “ಇಲ್ಲಿ ನೋಡಿ ಮಾಮ್, ಫ್ಯಾಮಿಲಿ ಕ್ಯಾಲೆಂಡರಿನಲ್ಲಿ. ನೀವು ಈ ಬಣ್ಣವನ್ನು ಆಫ್ ಮಾಡಿ ಇಟ್ಟಿದ್ದೀರಿ. ‘ಅಪ್ಪನಿಗೆ ಫೋನ್.’ ಪ್ರತಿ ಭಾನುವಾರ, ರಾತ್ರಿ ಎಂಟು.”

“ಎಲ್ಲಿ, ಎಲ್ಲಿ?” ಮಾಮ್ ಕನ್ನಡಕ ಹುಡುಕಿದರು. “ನನಗೂ ಒಂದು ಗಂಟೆ ಹಾಕಿದ್ದಾನಾ? ಕಂಬಳದ ಹಾಗೆ?”

“ಇಲ್ಲ... ಹದಿನೈದು ನಿಮಿಷ.”

“ಓ.” ಮಾಮ್ ಕನ್ನಡಕ ಸರಿ ಮಾಡಿಕೊಂಡರು. “ಪೂಜೆ ಮೂರು ಸಲ ಬಂತಲ್ಲ ಮಾರಾಯ. ಇದು ಎಷ್ಟು ಸಲ ಉಂಟು ನೋಡು.”

“ಒಂದೇ ಸಲ.”

“ಇದನ್ನು ಡೂಪ್ಲಿಕೇಟ್ ಮಾಡಲಿಕ್ಕೆ ಎಲ್ಲಿ ಒತ್ತಬೇಕು?”

ಪ್ರಸಾದ ನಮ್ಮ ಮುಖ ನೋಡಿದ. “ಆಗುವುದಿಲ್ಲ ಮಾಮ್. ಆ ಪೂಜೆ ಆದ ಮೇಲೆ ಅವರು ನಿಮಗೆ ನೋಡುವ ಪರ್ಮಿಶನ್ ಮಾತ್ರ ಇಟ್ಟಿದ್ದಾರೆ. ತಿದ್ದುವುದು ತೆಗೆದಿದ್ದಾರೆ.”

“ಕಾಲೇಜಿನ ಫೀಸು ಕಟ್ಟುವಾಗ ನನಗೆ ಪೂರ್ತಿ ಪರ್ಮಿಶನ್ ಇತ್ತು!”

ಒಳಗಿನಿಂದ ಸುಮತಿಯಕ್ಕ ಎರಡನೇ ಸಲದ ಚಹಾ ತಂದರು. ಅವರ ಕ್ಯಾಲೆಂಡರ್ ಅಡುಗೆಮನೆಯ ಬಾಗಿಲಿನ ಹಿಂದೆ ಮೊಳೆಗೆ ನೇತಾಡುತ್ತದೆ. ಸೊಸೈಟಿಯವರು ಸುಮ್ನೆ ಕೊಟ್ಟದ್ದು. ಗ್ಯಾಸ್ ಬಂದ ದಿನಕ್ಕೆ ಒಂದು ಗೀಟು, ಹಾಲು ಬಾರದ ದಿನಕ್ಕೆ ಒಂದು ಸೊನ್ನೆ.

“ಎಂತದ್ದು ಇಷ್ಟು ಬೊಬ್ಬೆ? ಮಗ ಬ್ಯುಸಿ ಅಂತಲಾ? ಇವತ್ತು ಬೆಳಿಗ್ಗೆಯೂ ಮಾತಾಡಿದ. ನಾನು ದೋಸೆ ಹೊಯ್ಯುತ್ತಾ ಇದ್ದೆ. ಅರ್ಧ ಗಂಟೆ ಆಯಿತು.”

ಮಾಮ್ ಫೋನನ್ನೂ ಹೆಂಡತಿಯನ್ನೂ ನೋಡಿದರು. “ಬೆಳಿಗ್ಗೆಯಾ? ಬೆಳಿಗ್ಗೆ ಅವನಿಗೆ ಇದರಲ್ಲಿ ಬೂದು ಚೌಕ ಉಂಟಲ್ಲ!”

“ನನಗೆ ಚೌಕ ಗೀಕ ಗೊತ್ತಿಲ್ಲ. ಅವನೇ ಮಾಡಿದ್ದು.”

“ಎಂತ ಹೇಳಿದ?”

“ಎಂತ ಹೇಳುವುದು, ನಿಮ್ಮ ವಿಷಯವೇ. ಅಪ್ಪನ ಕ್ಯಾಲೆಂಡರ್ ಇಡೀ ತಿಂಗಳು ಖಾಲಿ ಕಾಣ್ತದಂತೆ. ಆರೋಗ್ಯ ಸರಿ ಉಂಟಾ ಅಂತ ಕೇಳಿದ.”