ಮುತ್ತಾತ ಮಿಲಿಟರಿ ಬಿಟ್ಟು ಕೆಜಿಎಫ್ ಮೈನ್ಸ್‌ಗೆ ಸೇರಿದ್ರಂತೆ, ದಾಖಲೆ ಎಲ್ಲಿ ಹುಡುಕೋದು?

ಕೇಳಿದವರು, ಬೆಂಗಳೂರು:
ನಮ್ಮಜ್ಜಿಯ ಅಪ್ಪ, ಅಂದ್ರೆ ನನ್ನ ಮುತ್ತಾತ, ಮೊದಲನೇ ಮಹಾಯುದ್ಧದಲ್ಲಿ ಈಗಿನ ಇರಾಕಿನ ಬಸ್ರಾಗೆ ಹೋಗಿದ್ರಂತೆ. ವಾಪಸ್ ಬಂದು ಸ್ವಲ್ಪ ದಿನ ಊರಲ್ಲಿದ್ದು ಆಮೇಲೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕೆ ಸೇರಿದ್ರು, ಅಲ್ಲೇ ತೀರಿಕೊಂಡ್ರು. ಮನೇಲಿ ಉಳಿದಿರೋದು ಒಂದು ಬೆಳ್ಳಿ ಮೆಡಲ್ಲು, ಮತ್ತೆ ಅರ್ಧ ಹರಿದ ಒಂದು ಇಂಗ್ಲಿಷ್ ಕಾಗದ, ಅದರಲ್ಲಿ "ಮೈನರ್ಸ್" ಅನ್ನೋದೊಂದೇ ಓದೋಕಾಗತ್ತೆ. ಅದು ಮೈನ್ಸ್ ಕೆಲಸದ ಕಾಗದ ಅಂತ ನಾವೆಲ್ಲ ಅಂದ್ಕೊಂಡಿದೀವಿ. ಅಜ್ಜಿಗೆ ಈಗ 88, ಅವರಿರೋವಾಗ್ಲೇ ಅವರಪ್ಪನ ಬಗ್ಗೆ ಏನಾದ್ರೂ ತೋರಿಸ್ಬೇಕು ಅಂತ ಆಸೆ. ಯಾರಾದ್ರೂ ಹೀಗೆ ಹುಡುಕಿದವರು ಇದ್ರೆ ದಯವಿಟ್ಟು ಹೇಳಿ.

ಹಲಸೂರಿನಿಂದ, ನಿವೃತ್ತ ಸೈನಿಕ:
ಮೊದಲು ಒಂದು ಮಾತು, ಆ ಮೆಡಲ್ಲನ್ನ ವಿಭೂತಿ ಹಾಕಿ ತಿಕ್ಕಬೇಡಿ, ಪಾಲಿಶ್ ಮಾಡಿಸಬೇಡಿ. ನಮ್ಮನೇಲಿ ಹಬ್ಬಹಬ್ಬಕ್ಕೂ ದೇವರ ಸಾಮಾನಿನ ಜೊತೆ ಮೆಡಲ್ಲನ್ನೂ ತಿಕ್ಕಿ ತಿಕ್ಕಿ ಅದರ ಅಂಚಿನ ಅಕ್ಷರ ಅರ್ಧ ಸವೆಸಿಬಿಟ್ರು, ಇವತ್ತಿಗೂ ಹೊಟ್ಟೆ ಉರಿಯತ್ತೆ. ನಿಮಗೆ ಬೇಕಾಗಿರೋದೆಲ್ಲ ಆ ಅಂಚಲ್ಲಿದೆ. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬಟ್ಟೆಯಿಲ್ಲದ ಸವಾರ, ಪಕ್ಕದಲ್ಲಿ 1914, 1918 ಅಂತ ಇದ್ರೆ ಅದು ಬ್ರಿಟಿಷ್ ವಾರ್ ಮೆಡಲ್. ಅದನ್ನ ನೆಟ್ಟಗೆ ನಿಲ್ಲಿಸಿ, ರೂಮಿನ ಲೈಟ್ ಆಫ್ ಮಾಡಿ, ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಟ್ಟು ನಿಧಾನಕ್ಕೆ ತಿರುಗಿಸ್ತಾ ಹೋಗಿ. ನಾಣ್ಯಕ್ಕೆ ಗೆರೆ ಇರೋ ಜಾಗದಲ್ಲಿ ಇದಕ್ಕೆ ಸಣ್ಣ ಅಕ್ಷರ ಒತ್ತಿರ್ತಾರೆ, ಮೊದಲು ನಂಬರ್, ಆಮೇಲೆ ದರ್ಜೆ, ಹೆಸರು, ಪಲ್ಟಣ. ಕಣ್ಣಿಗೆ ಕಾಣದಿದ್ರೆ ತೆಳು ಕಾಗದ ಸುತ್ತಿ ಪೆನ್ಸಿಲ್ ಸೀಸ ಮೆಲ್ಲಗೆ ಉಜ್ಜಿ, ಅಕ್ಷರ ಎದ್ದು ಬರತ್ತೆ. ಬೆಳ್ಳೀದು ಅಂತ ಬೇರೆ ಹೇಳಿದೀರಿ, ಲೇಬರ್ ಕೋರ್, ಅಂದ್ರೆ ಸೈನ್ಯದ ಕೂಲಿ ಪಡೆಯವರಿಗೆ ಇದೇ ಮೆಡಲ್ಲನ್ನ ಕಂಚಲ್ಲಿ ಕೊಟ್ಟಿದ್ರು, ಹಾಗಾಗಿ ಮುತ್ತಾತ ಪಲ್ಟಣದಲ್ಲಿದ್ದ ಸೈನಿಕರೇ ಇರ್ಬೇಕು.

ಇನ್ನು ಆ "ಮೈನರ್ಸ್" ಪದ. ಅದನ್ನ ಓದಿದ ತಕ್ಷಣ ಕೂತ್ಕೊಂಡು ಬರೀತಿದೀನಿ, ಯಾಕಂದ್ರೆ ಅದು ಕೆಜಿಎಫ್ ಕಾಗದ ಆಗಿರೋದಕ್ಕಿಂತ ಮಿಲಿಟರಿ ಕಾಗದ ಆಗಿರೋ ಸಾಧ್ಯತೆನೇ ಜಾಸ್ತಿ. ಇವತ್ತು ಹಲಸೂರು ಕೆರೆ ಪಕ್ಕ ಇರೋ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ (ಎಂಇಜಿ) ಆ ಕಾಲದಲ್ಲಿ ಸ್ಯಾಪರ್ಸ್ ಅಂಡ್ ಮೈನರ್ಸ್ ಅಂತಲೇ ಹೆಸರು. ಅಲ್ಲಿ ಮೈನ್ ಅಂದ್ರೆ ಚಿನ್ನದ ಗಣಿ ಅಲ್ಲ, ಶತ್ರು ಕೋಟೆ ಗೋಡೆ ಕೆಳಗೆ ಸುರಂಗ ತೋಡಿ ಮದ್ದು ಇಟ್ಟು ಹಾರಿಸೋದು. ಸೇತುವೆ ಕಟ್ಟೋದು, ರಸ್ತೆ ಮಾಡೋದು, ಬಂಡೆ ಸಿಡಿಸೋದು ಎಲ್ಲ ಇವರ ಕೆಲಸವೇ. ಮೆಡಲ್ ಅಂಚಲ್ಲಿ ಕೊನೆಗೆ ಕ್ಯೂ.ವಿ.ಓ., ಎಸ್ ಅಂಡ್ ಎಂ ಅನ್ನೋ ಅರ್ಥದ ಅಕ್ಷರ ಕಂಡ್ರೆ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಅನುಮಾನವೇ ಬೇಡ. ಹಳೇ ಫೋಟೋ ಯಾರತ್ರ ಆದ್ರೂ ಇದ್ರೆ ತಲೆ ಮೇಲೆ ಏನಿದೆ ನೋಡಿ, ಪೇಟ ಇಲ್ಲದೆ ಅಂಚಿಲ್ಲದ ಎತ್ತರದ ಕಪ್ಪು ಟೋಪಿ ಇದ್ರೆ ಅದೂ ಇವರ ಗುರುತೇ. ಅಥವಾ 61, 64, 81 ಅಂತ ಯಾವುದಾದ್ರೂ ನಂಬರ್ ಜೊತೆ ಪಯೋನಿಯರ್ಸ್ ಅಂತಿದ್ರೆ ಅದು ಬೇರೆ, ಅವರೂ ಮದ್ರಾಸ್ ಕಡೆಯ ಪಲ್ಟಣಗಳೇ, 1933ರಲ್ಲಿ ಅವನ್ನ ವಿಸರ್ಜನೆ ಮಾಡಿಬಿಟ್ರು. ಸ್ಯಾಪರ್ ಅಂತ ಖಾತ್ರಿಯಾದ್ರೆ ಎಂಇಜಿ ಸೆಂಟರ್‌ನ ದಾಖಲೆ ವಿಭಾಗಕ್ಕೆ ನಂಬರ್ ಹಾಕಿ ಕಾಗದ ಬರೀರಿ. ಬರೀ ಹೆಸರು ಬರೆದ್ರೆ ಯಾರೂ ಏನೂ ಮಾಡೋಕಾಗಲ್ಲ, ಮುನಿಸ್ವಾಮಿ ಅನ್ನೋ ಹೆಸರಿನವರು ಒಂದು ಪಲ್ಟಣದಲ್ಲೇ ಎಷ್ಟೋ ಜನ ಇರ್ತಾರೆ.

ಲಂಡನ್ ಹತ್ತಿರದಿಂದ:
ಮೇಲಿನ ಸರ್ ಹೇಳಿದ್ದು ಪೂರ್ತಿ ನಿಜ, ನಂಬರ್ ಇಲ್ಲದೆ ಹೊರಟ್ರೆ ಸುಮ್ನೆ ವರ್ಷಗಟ್ಟಲೆ ಅಲೀತೀರಿ, ನಾನು ಅಲೆದಿದೀನಿ. ಎಲ್ಲರೂ ಮೊದಲು ಹೋಗೋದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ವೆಬ್‌ಸೈಟಿಗೆ, ಅಲ್ಲಿ ಹೆಸರು ಸಿಗಲಿಲ್ಲ ಅಂದ್ರೆ ಅಯ್ಯೋ ತಾತ ಯುದ್ಧಕ್ಕೇ ಹೋಗಿರ್ಲಿಲ್ವಾ ಅಂತ ಬೇಜಾರಾಗ್ತಾರೆ. ಅಲ್ಲಿರೋದು 1914 ಆಗಸ್ಟ್ 4ರಿಂದ 1921 ಆಗಸ್ಟ್ 31ರ ಒಳಗೆ ತೀರಿಕೊಂಡ ಸೈನಿಕರು ಮಾತ್ರ, ಬದುಕಿ ಮನೆಗೆ ಬಂದವರು ಇರೋದೇ ಇಲ್ಲ. ಇನ್ನೊಂದು, ಪಂಜಾಬಿನವರ ಲಕ್ಷಾಂತರ ಸೈನಿಕರ ರಿಜಿಸ್ಟರ್ ಲಾಹೋರ್ ಮ್ಯೂಸಿಯಂನಲ್ಲಿತ್ತು, ಊರಿನ ಪ್ರಕಾರ ಬರೆದಿದ್ದು, ಅದನ್ನ 2021ರಿಂದ ಆನ್‌ಲೈನ್ ಹಾಕ್ತಿದಾರೆ ಅನ್ನೋ ಸುದ್ದಿ ನೋಡಿ ನಮ್ಮ ಕಡೆಯವರೂ ಅದರಲ್ಲಿ ಹುಡುಕ್ತಾರೆ, ಅದು ಪಂಜಾಬಿಗೆ ಮಾತ್ರ, ನಮ್ಮವರು ಅದರಲ್ಲಿಲ್ಲ.

ಕ್ಯೂ ಅನ್ನೋ ಜಾಗದಲ್ಲಿರೋ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಯಾರಿಗೆ ಯಾವ ಮೆಡಲ್ ಅಂತ ಬರೆದಿಟ್ಟ ಮೆಡಲ್ ಕಾರ್ಡ್‌ಗಳಿವೆ, ಭಾರತೀಯ ಸೈನ್ಯದವರ ಕೆಲವು ಕಾರ್ಡೂ ಅದರಲ್ಲಿವೆ, ಆದ್ರೆ ಸಿಕ್ಕೇ ಸಿಗತ್ತೆ ಅಂತ ನಂಬಿಕೆ ಇಟ್ಕೋಬೇಡಿ. ನಂಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ವಾರ್ ಡೈರಿಗಳು. ಪ್ರತಿ ಯೂನಿಟ್ಟಿನ ಅಧಿಕಾರಿ ದಿನಾ ಬರೆದಿಡ್ತಿದ್ದ ಡೈರಿ ಅದು, ಸಿಪಾಯಿಗಳ ಹೆಸರು ಇರೋದು ತುಂಬಾ ಕಮ್ಮಿ, ಆದ್ರೆ ಇವತ್ತು ಇಷ್ಟು ಮೈಲಿ ನಡೆದ್ವಿ, ನದಿಗೆ ದೋಣಿ ಸೇತುವೆ ಹಾಕಿದ್ವಿ, ಮಳೆ ಬಂದು ಡೇರೆ ಎಲ್ಲ ಕೆಸರು, ಹೀಗೆಲ್ಲ ಇರತ್ತೆ. ನಮ್ಮ ತಾತನ ಹೆಸರು ಎಲ್ಲೂ ಇರ್ಲಿಲ್ಲ ಆದ್ರೆ ಅವರ ಕಂಪನಿ ಟೈಗ್ರಿಸ್ ದಡದಲ್ಲಿ ಎಲ್ಲಿತ್ತು ಅಂತ ಒಂದೊಂದು ದಿನದ್ದೂ ಓದಿ ನಮ್ಮಪ್ಪಂಗೆ ಫೋನಲ್ಲಿ ಹೇಳ್ತಾ ಹೋದೆ, ಅವರು ಒಂದು ಮಾತೂ ಆಡದೆ ಕೇಳಿಸ್ಕೊಂಡ್ರು.

ಹಾಂ, ಮುತ್ತಾತ ಮೈಸೂರು ಮಹಾರಾಜರ ಪಡೆಯಲ್ಲಿದ್ರಾ ಅನ್ನೋದನ್ನೂ ಕೇಳಿ ನೋಡಿ. 1918 ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಬ್ರಿಟಿಷ್ ಇಂಡಿಯನ್ ಆರ್ಮಿ ಅಲ್ಲ, ಸಂಸ್ಥಾನದ ಪಡೆ. ಹಾಗಿದ್ರೆ ಲಂಡನ್ ಕಡೆ ನೋಡೋದು ಬಿಟ್ಟು ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರಕ್ಕೆ, ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೆ ಹೋಗ್ಬೇಕಾಗತ್ತೆ. ಬಸ್ರಾ ಅಂದಿದ್ರಿಂದ ಸ್ಯಾಪರ್ಸ್ ಅಂತಲೇ ನಂಗೂ ಅನ್ಸತ್ತೆ.

ಬಂಗಾರಪೇಟೆಯಿಂದ:
ನಾನು ಹುಟ್ಟಿದ್ದು ಕೆಜಿಎಫ್‌ನ ಮಾರಿಕುಪ್ಪಂ ಲೈನಲ್ಲಿ, ಅಂದ್ರೆ ಗಣಿ ಕಾರ್ಮಿಕರ ಮನೆಸಾಲಲ್ಲಿ, ಮೈನ್ಸ್ ಕಡೆ ವಿಷಯ ನಾನು ಹೇಳ್ತೀನಿ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಹಾಗಾಗಿ ಹೋಗಿ ಆಫೀಸಲ್ಲಿ ಕೇಳಿದ್ರೆ ರಿಜಿಸ್ಟರ್ ತೆಗೆದು ಕೊಡ್ತಾರೆ ಅನ್ನೋದನ್ನ ಮರೆತುಬಿಡಿ. ಅದಕ್ಕಿಂತ ದೊಡ್ಡ ಕಷ್ಟ ಏನಂದ್ರೆ ಆ ಕಾಲದಲ್ಲಿ ಒಳಗೆ ಕೆಲಸ ಮಾಡ್ತಿದ್ದ ಎಷ್ಟೋ ಜನ ಕಂಪನಿ ಆಳುಗಳೇ ಅಲ್ಲ, ಮೇಸ್ತ್ರಿ, ಕಂಟ್ರಾಕ್ಟರ್ ಕೈಕೆಳಗಿನವರು, ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಕರ್ಕೊಂಡು ಬಂದವರು. ಮೇಸ್ತ್ರಿ ಲೆಕ್ಕದಲ್ಲಿ ಇದ್ದವರ ಹೆಸರು ಕಂಪನಿ ಲೆಕ್ಕದಲ್ಲಿ ಇರ್ಬೇಕು ಅಂತೇನಿಲ್ಲ. ಇದೇ ಕಾರಣಕ್ಕೆ 1930ರಲ್ಲಿ ಎಲ್ಲರನ್ನೂ ನೋಂದಣಿ ಮಾಡಿ ಹೆಬ್ಬೆಟ್ಟು ತಗೋತೀವಿ ಅಂದಾಗ ದೊಡ್ಡ ಸ್ಟ್ರೈಕೇ ಆಯ್ತು, ಕಳ್ಳರ ಥರ ನಮ್ಮ ಬೆರಳಚ್ಚು ಯಾಕೆ ಅಂತ. ನಿಮ್ಮಜ್ಜಿನ ಕೇಳಿ, ಮನೇಲಿ ಆ ಸ್ಟ್ರೈಕ್ ಮಾತು ಬರ್ತಿತ್ತಾ ಅಂತ, ಬರ್ತಿತ್ತು ಅಂದ್ರೆ ಅಷ್ಟೊತ್ತಿಗೆ ಅವರು ಅಲ್ಲಿದ್ರು ಅಂತ ಒಂದು ವರ್ಷ ಆದ್ರೂ ಗಟ್ಟಿಯಾಗತ್ತೆ.

ಮಾಜಿ ಸೈನಿಕರು ಅಂದ್ರೆ ಒಳಗಿನ ಕೆಲಸಕ್ಕೇ ಹೋದ್ರು ಅಂತ ತಿಳ್ಕೋಬೇಡಿ, ಚಿನ್ನ ಕದೀದೆ ಇರೋ ಹಾಗೆ ನೋಡ್ಕೊಳ್ಳೋಕೆ ವಾಚ್ ಅಂಡ್ ವಾರ್ಡ್ ಅಂತ ದೊಡ್ಡ ಪಡೆನೇ ಇತ್ತು, ಅದರಲ್ಲಿ ಪಂಜಾಬಿಗಳೂ ಇದ್ರು. ಮದ್ದು ಸಿಡಿಸೋದು ಗೊತ್ತಿದ್ದ ಸ್ಯಾಪರ್ ಆದ್ರೆ ಒಳಗಡೆ ಬ್ಲಾಸ್ಟಿಂಗ್ ಕೆಲಸಕ್ಕೂ ಹೋಗಿರಬಹುದು. ಇದನ್ನ ಕೇಳೋಕೆ ಒಳ್ಳೆ ಪ್ರಶ್ನೆ ಒಂದಿದೆ, "ತಾತ ಮನೆಗೆ ಬಂದಾಗ ಬಟ್ಟೆ ಹೇಗಿರ್ತಿತ್ತು?" ನಮ್ಮಮ್ಮ ಹೇಳೋರು, ಒಳಗಿಂದ ಬಂದವರ ಬಟ್ಟೆ ಬೆವರಲ್ಲಿ ನೆಂದು ಬಂಡೆ ಧೂಳು ಅಂಟಿ ಒಣಗಿದ್ಮೇಲೆ ರೊಟ್ಟಿ ಥರ ಗಟ್ಟಿಯಾಗೋದು, ಒಗೆಯೋ ಕಲ್ಲಿಗೆ ಬಡಿದ್ರೆ ಬೂದಿ ಬಣ್ಣದ ನೀರು ಹರಿಯೋದು ಅಂತ. ಕೊನೆಗಾಲದಲ್ಲಿ ಕೆಮ್ಮಿತ್ತಾ, ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ವಾ ಅಂತಲೂ ಕೇಳಿ, ಬಂಡೆ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್, ಅದರ ಪರಿಹಾರದ ಕಾಗದ ಕೆಲವರ ಮನೇಲಿ ಇನ್ನೂ ಟ್ರಂಕಲ್ಲಿದೆ.

ನಂಗೆ ಸಿಕ್ಕಿದ್ದು ಚರ್ಚಿನ ರಿಜಿಸ್ಟರಲ್ಲಿ. ನಮ್ಮ ತಾತನ ಮೂರು ಮಕ್ಕಳ ಬ್ಯಾಪ್ಟಿಸಂ ಮೂರು ಪುಟದಲ್ಲಿತ್ತು, ಅಪ್ಪನ ಕೆಲಸ ಅನ್ನೋ ಕಾಲಂನಲ್ಲಿ ಮೊದಲನೇ ಮಗೂಗೆ ಸಿಪಾಯಿ, ಎರಡನೇದಕ್ಕೆ ಕೂಲಿ, ಮೂರನೇದಕ್ಕೆ ಮೈನ್ಸ್ ಅಂತ ಬರೆದಿತ್ತು. ಒಂದೇ ಮನುಷ್ಯ. ಸೈನ್ಯ ಬಿಟ್ಟಿದ್ದು, ಗಣಿಗೆ ಸೇರಿದ್ದು ಎರಡೂ ಯಾವ ವರ್ಷದ ಆಸುಪಾಸು ಅಂತ ಆ ಮೂರು ಪದದಿಂದಲೇ ಗೊತ್ತಾಯ್ತು, ಆ ಪುಟದ ಮೇಲೆ ಕೈ ಇಟ್ಕೊಂಡು ಸುಮಾರು ಹೊತ್ತು ಕೂತಿದ್ದೆ. ನೀವು ಕ್ರೈಸ್ತರಲ್ಲದಿದ್ರೆ ಮಕ್ಕಳ ಸ್ಕೂಲ್ ದಾಖಲಾತಿ ನೋಡಿ, ಅಲ್ಲೂ ತಂದೆ ಉದ್ಯೋಗ ಬರೀತಿದ್ರು. ಆಮೇಲೆ ಸ್ಪೆಲ್ಲಿಂಗ್ ಬಗ್ಗೆ ಜೋಪಾನ, ಹಳೇ ಕಾಗದದಲ್ಲಿ ಬಂಗಾರಪೇಟೆ ಅಂತ ಹುಡುಕಿದ್ರೆ ಏನೂ ಸಿಗಲ್ಲ, ಆಗ ಅದು ಬೌರಿಂಗ್‌ಪೇಟ್. ಉರಿಗಾಂ ಅನ್ನೋದನ್ನ ಊರ್ಗಾಂ ಅಂತ, ನಂದಿದುರ್ಗ ಮೈನನ್ನ ನಂಡಿಡ್ರೂಗ್ ಅಂತ ಬ್ರಿಟಿಷರ ಬಾಯಿಗೆ ಬಂದ ಹಾಗೆ ಬರೆದಿರ್ತಾರೆ.

ಮೈಸೂರಿನಿಂದ, ಇತಿಹಾಸ ಮೇಷ್ಟ್ರು:
ಒಂದು ಹೋಲಿಕೆ ಕೊಡ್ತೀನಿ. ಬೆಂಗಳೂರಿನ ಲ್ಯಾವೆಲ್ ರೋಡ್ ಯಾರ ಹೆಸರಲ್ಲಿದೆಯೋ ಆ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಕೂಡ ಸೈನಿಕನಾಗಿದ್ದು ಗಣಿಗೆ ಬಂದವನೇ, ಐರ್ಲೆಂಡಿನವನು, ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿದ್ದು ಆಮೇಲೆ ಬೆಂಗಳೂರಲ್ಲಿ ನೆಲೆಸಿದವನು. ಲೆಫ್ಟಿನೆಂಟ್ ವಾರನ್ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಹಳ್ಳಿಯವರು ಮಣ್ಣಿಂದ ಚಿನ್ನ ತೆಗೆಯೋದನ್ನ ಕಂಡು ಬರೆದಿಟ್ಟಿದ್ದನ್ನ ಓದಿ 1871ರಲ್ಲಿ ಎತ್ತಿನ ಗಾಡಿ ಕಟ್ಕೊಂಡು ಕೋಲಾರಕ್ಕೆ ಹೋದ. ಅವನ ಸೈನ್ಯದ ದಿನಗಳ ಬಗ್ಗೆ ಒಂದೆರಡು ಸಾಲು ಬಿಟ್ರೆ ಯಾರೂ ಹೇಳಲ್ಲ, ಆದ್ರೆ 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ್ದು, 1875ರಲ್ಲಿ 20 ವರ್ಷದ ಗುತ್ತಿಗೆ ಸಿಕ್ಕಿದ್ದು, 1877ರಲ್ಲಿ ದುಡ್ಡು ಸಾಲದೆ ಬೆರೆಸ್‌ಫರ್ಡ್ ಅನ್ನೋ ಸೇನಾಧಿಕಾರಿ ಮತ್ತವನ ಜೊತೆಗಾರರಿಗೆ ಬಿಟ್ಟುಕೊಟ್ಟಿದ್ದು ಎಲ್ಲ ಗೊತ್ತು. ಯಾಕೆ ಅಂದ್ರೆ ಅರ್ಜಿ. ಸರ್ಕಾರಕ್ಕೆ ಬರೆದ ಅರ್ಜಿ ಕಡತಕ್ಕೆ ಹೋಗತ್ತೆ, ಕಡತ ಉಳಿಯತ್ತೆ. ನಿಮ್ಮ ಮುತ್ತಾತನೂ ಏನಾದ್ರೂ ಕೇಳಿರಬಹುದು, ಪಿಂಚಣಿ, ಯುದ್ಧಕ್ಕೆ ಹೋಗಿದ್ದಕ್ಕೆ ಜಮೀನು, ಅಪಘಾತದ ಪರಿಹಾರ. ಊರು ಯಾವ ತಾಲ್ಲೂಕು ಅಂತ ಗೊತ್ತಿದ್ರೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಹಳೇ ದರಖಾಸ್ತು ನೋಡಿ. ಸೈನ್ಯದ ಕಾಗದಕ್ಕೂ ಗಣಿ ಕಾಗದಕ್ಕೂ ಹೆಸರು ಹೊಂದಲ್ಲ, ಒಂದರಲ್ಲಿ ಮುನಿಸ್ವಾಮಿ ಇನ್ನೊಂದರಲ್ಲಿ ಮುನಿಯ. ಎರಡನ್ನೂ ಸೇರಿಸೋದು ಊರಿನ ಹೆಸರು, ಅಪ್ಪನ ಹೆಸರು. ಅದಕ್ಕೆ ಇವತ್ತೇ ಅಜ್ಜಿ ಹತ್ರ ಕೂತು ಅವೆರಡನ್ನ ಕೇಳಿ ಬರ್ಕೊಳ್ಳಿ, ಮಿಕ್ಕಿದ್ದಕ್ಕೆಲ್ಲ ಟೈಮಿದೆ.

ಕೇಳಿದವರು, ಬೆಂಗಳೂರು:
ಎಲ್ಲರಿಗೂ ಕೈ ಮುಗೀತೀನಿ. ರಾತ್ರಿ ಟಾರ್ಚ್ ಬಿಟ್ಟು ನೋಡಿದ್ವಿ, ನಾಲ್ಕು ಅಂಕಿ ಸಿಕ್ತು, ಕೊನೆಗೆ ಎಸ್ ಅಂಡ್ ಎಂ ಅಂತಲೇ ಇದೆ, ಹಲಸೂರಿನ ಸರ್ ಹೇಳಿದ ಹಾಗೇ. ಹರಿದ ಕಾಗದನೂ ಹಾಗಾದ್ರೆ ಪಲ್ಟಣದ್ದೇ. ಹೆಸರು ಮಾತ್ರ ನಾವು ಕರೆಯೋ ಹೆಸರಲ್ಲ, ಅದು ತಪ್ಪಿರ್ಬೇಕು ಅಂತ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಮೆಡಲ್ಲನ್ನ ಕೈಯಲ್ಲಿ ಇಟ್ಕೊಂಡು, "ಅದು ನಮ್ಮಪ್ಪನ ಅಮ್ಮ ಕರೀತಿದ್ದ ಹೆಸರು ಕಣೋ" ಅಂದ್ರು. ಊರಿನ ಹೆಸರೂ ಹೇಳಿದ್ರು, ಮುಳಬಾಗಿಲು ತಾಲ್ಲೂಕು. ನಾಳೆ ಎಂಇಜಿಗೆ ಕಾಗದ ಬರೀತೀನಿ, ಏನು ಉತ್ತರ ಬಂತು ಅಂತ ಇಲ್ಲೇ ಹಾಕ್ತೀನಿ.