ಅಕ್ಕಾ, ನಲವತ್ತು ಜನ ಅಂದರೆ ಕಮ್ಮಿ ಅಲ್ಲ

ಅಕ್ಕಾ, ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಬಿ.ಎಚ್. ರಸ್ತೆಯಲ್ಲಿ ನಿಂತಿದ್ದೇನೆ, ಹಾರ್ನ್ ಕೇಳಿಸಿದರೆ ಬೈಯಬೇಡ. 'ತುಮಕೂರಿನಿಂದ ಗಿಟಾರ್ ಹೊತ್ತುಕೊಂಡು ಬೆಂಗಳೂರಿಗೆ ಹೋಗಿ, ಯಾವುದೋ ಬೇಸ್‌ಮೆಂಟಿನಲ್ಲಿ ನಲವತ್ತು ಜನಕ್ಕೆ ನುಡಿಸಬೇಕಾ' ಅಂತ ನಿನ್ನ ಮಗನ ಬಗ್ಗೆ ಗ್ರೂಪಿನಲ್ಲಿ ಹಾಕಿದ್ದೆಯಲ್ಲ, ಅದಕ್ಕೆ ಉತ್ತರ ಇದು.

ನ್ಯೂಯಾರ್ಕಿನಲ್ಲಿ ಸಿಬಿಜಿಬಿ ಅಂತ ಒಂದು ಬಾರ್ ಇತ್ತು. 1973ರಲ್ಲಿ ಹಿಲ್ಲಿ ಕ್ರಿಸ್ಟಲ್ ಅನ್ನುವವರು ತೆರೆದಿದ್ದು. ಬೌರಿ ಅನ್ನೋ ಬೀದಿ, ಆಗ ಮನೆಯಿಲ್ಲದವರು, ಕುಡುಕರು ಮಲಗುತ್ತಿದ್ದ ಜಾಗ. ಹೆಸರಿನ ಅಕ್ಷರ ಬಿಡಿಸಿದರೆ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್. ಅಂದರೆ ಅಲ್ಲಿನ ಹಳ್ಳಿ ಸೊಗಡಿನ ಸಂಗೀತ ಕೇಳಿಸಬೇಕು ಅಂತ ಅವರ ಆಸೆ. ಬಂದವರು ಪಂಕ್ ಹುಡುಗರು, ಅಂದರೆ ಒರಟಾಗಿ, ಜೋರಾಗಿ ರಾಕ್ ನುಡಿಸೋರು! 1974ರಲ್ಲಿ ಟೆಲಿವಿಷನ್ ಅನ್ನೋ ತಂಡ, ಅದೇ ವರ್ಷ ಆಗಸ್ಟ್‌ನಲ್ಲಿ ರಮೋನ್ಸ್ ಅನ್ನೋ ತಂಡ. ರಮೋನ್ಸ್ ಹಾಡು ಎರಡು ನಿಮಿಷಕ್ಕೆ ಮುಗಿದೇ ಹೋಗುತ್ತೆ, ನೀನು ಕಾಫಿ ಸೋಸುವಷ್ಟರಲ್ಲಿ. ಗಾಯಕಿ ಪ್ಯಾಟಿ ಸ್ಮಿತ್, ಬ್ಲಾಂಡಿ ತಂಡ ಎಲ್ಲ ಅಲ್ಲೇ ಪಳಗಿದವರು. ಟಾಕಿಂಗ್ ಹೆಡ್ಸ್ ತಂಡ 1975ರಲ್ಲಿ ಮೊದಲು ಅಲ್ಲಿ ವೇದಿಕೆ ಹತ್ತಿದ್ದು ರಮೋನ್ಸ್‌ಗಿಂತ ಮುಂಚಿನ ಪುಟ್ಟ ಸರದಿಗೆ. ದಿ ಪೊಲೀಸ್ ತಂಡ 1978ರಲ್ಲಿ ಇಂಗ್ಲೆಂಡಿನಿಂದ ಹೋಗಿ ಅಮೆರಿಕದಲ್ಲಿ ಮೊದಲು ನುಡಿಸಿದ್ದೂ ಅದೇ ಜಾಗದಲ್ಲಿ.

ಕ್ರಿಸ್ಟಲ್ ಇಟ್ಟಿದ್ದ ಷರತ್ತು ಕೇಳು: ಬೇರೆಯವರ ಹಾಡು ಬೇಡ, ನಿಮ್ಮದೇ ತನ್ನಿ. ನಮ್ಮ ಹುಡುಗನ ಕಷ್ಟವೂ ಅದೇ ಅಲ್ವಾ? ಗಣಪತಿ ಪೆಂಡಾಲಿನಲ್ಲಿ ಸಾವಿರ ಜನ ಇರುತ್ತಾರೆ, ಆದರೆ ಸಿನಿಮಾ ಹಾಡು ಬಿಟ್ಟು ಇವನು ಬರೆದಿದ್ದನ್ನು ಶುರು ಮಾಡಿದರೆ ಮೈಕ್ ಕಿತ್ತುಕೊಳ್ಳುತ್ತಾರೆ. ಆ ನಲವತ್ತು ಜನ ಇವನ ಹಾಡು ಕೇಳೋಕೇ ಬರುತ್ತಾರೆ.

ಬೇಸ್‌ಮೆಂಟಿನ ಫೋಟೊ ನೋಡಿ ಮೂಗು ಮುರಿದೆ ಬೇರೆ. ಸಿಬಿಜಿಬಿ ಟಾಯ್ಲೆಟ್ ಎಷ್ಟು ಗಲೀಜು ಅಂದರೆ, ಗಲೀಜಿಗೇ ಹೆಸರುವಾಸಿ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಪಂಕ್ ಉಡುಪಿನ ಪ್ರದರ್ಶನ ಮಾಡಿದಾಗ ಆ ಟಾಯ್ಲೆಟ್ಟಿನ ನಕಲು ಕಟ್ಟಿಸಿ ಇಟ್ಟಿದ್ದರು! ಸುಮ್ನೆ ಹೇಳುತ್ತಿಲ್ಲ. ಆ ಹೊತ್ತಿಗೆ ಕ್ಲಬ್ ಮಾತ್ರ ಇರಲಿಲ್ಲ. ಬಾಡಿಗೆ ಜಗಳದಲ್ಲಿ 2006ರ ಅಕ್ಟೋಬರ್‌ನಲ್ಲಿ ಮುಚ್ಚಿಹೋಯಿತು. ಕೊನೆಯ ರಾತ್ರಿ ಹಾಡಿದ್ದು ಪ್ಯಾಟಿ ಸ್ಮಿತ್. ಆಮೇಲೆ ಅಲ್ಲಿ ದುಬಾರಿ ಬಟ್ಟೆ ಅಂಗಡಿ ಬಂತು.

ಶನಿವಾರ ನಾನೇ ಕಾರು ತರುತ್ತೇನೆ, ನೀನೂ ಹೊರಡು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೋಗೋಣ. ಕಿವಿಗೆ ಹತ್ತಿ ಮರೆಯಬೇಡ, ಅವನ ಗೆಳೆಯನ ಡ್ರಮ್ ಸ್ವಲ್ಪ ಜಾಸ್ತಿನೇ ಜೋರು.